ಮೊದಲು ಕೇಳಿದ ಪ್ರಶ್ನೆ

ಕಾಫಿ ಕುಡಿಯುವ ಒಂದು ಸಾಧಾರಣ ಮಗ್‌ಗೆ ಎಷ್ಟು ಬೆಲೆ? 1990ರಲ್ಲಿ ಡೇನಿಯಲ್ ಕಾನೆಮನ್, ಜ್ಯಾಕ್ ನೆಟ್ಷ್ ಮತ್ತು ರಿಚರ್ಡ್ ಥೇಲರ್ ಈ ಪ್ರಶ್ನೆಯನ್ನು ಹಿಡಿದು ಪ್ರಯೋಗ ಮಾಡಿ ಪ್ರಕಟಿಸಿದ ಫಲಿತಾಂಶಗಳು ಇವತ್ತಿಗೂ ಅರ್ಥಶಾಸ್ತ್ರದ ತರಗತಿಗಳಲ್ಲಿ ಚರ್ಚೆಯಾಗುತ್ತಿವೆ. ಅವುಗಳಲ್ಲಿ ಒಂದು ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ನಡೆಯಿತು. ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿದರು. ಮೊದಲ ಗುಂಪಿನವರ ಕೈಗೆ ಮಗ್ ಕೊಟ್ಟು, ‘ಇದು ಇನ್ನು ನಿಮ್ಮದು, ಎಷ್ಟು ಕೊಟ್ಟರೆ ಮಾರುತ್ತೀರಿ?’ ಎಂದರು. ಎರಡನೆಯ ಗುಂಪಿಗೆ ಮಗ್ ತೋರಿಸಿ, ‘ಎಷ್ಟು ಕೊಟ್ಟು ಕೊಳ್ಳುತ್ತೀರಿ?’ ಎಂದರು. ಮೂರನೆಯ ಗುಂಪಿನವರು ಏನನ್ನೂ ಕಳೆದುಕೊಳ್ಳಬೇಕಿರಲಿಲ್ಲ. ಎಷ್ಟು ದುಡ್ಡು ಕೊಟ್ಟರೆ ಮಗ್ ಬಿಟ್ಟು ದುಡ್ಡನ್ನೇ ತೆಗೆದುಕೊಳ್ಳುತ್ತೀರಿ ಎಂದಷ್ಟೇ ಅವರು ಹೇಳಬೇಕಿತ್ತು.

ಮಾರುವವರ ಮಧ್ಯಮ ಬೆಲೆ 7.12 ಡಾಲರ್. ಕೊಳ್ಳುವವರದು 2.87 ಡಾಲರ್. ಮೂರನೆಯವರದು 3.12 ಡಾಲರ್. ಮೊದಲನೆಯ ಮತ್ತು ಮೂರನೆಯ ಗುಂಪುಗಳನ್ನು ಒಟ್ಟಿಗಿಟ್ಟು ನೋಡಿ. ಇಬ್ಬರ ಮುಂದೆ ಇರುವುದೂ ಒಂದೇ ಆಯ್ಕೆ: ಮನೆಗೆ ಹೋಗುವಾಗ ಮಗ್ ಒಯ್ಯಬೇಕೋ, ದುಡ್ಡು ಒಯ್ಯಬೇಕೋ. ಲೆಕ್ಕದಲ್ಲಿ ಕಿಂಚಿತ್ತೂ ವ್ಯತ್ಯಾಸವಿಲ್ಲ. ಆದರೂ ಮಗ್ ಕೈಯಲ್ಲಿ ಹಿಡಿದವರು ಎರಡು ಪಟ್ಟಿಗಿಂತ ಹೆಚ್ಚು ಕೇಳಿದರು.

ಕಾನೆಮನ್ ಮತ್ತು ಥೇಲರ್ ಇದಕ್ಕೆ ಕೊಟ್ಟ ಉತ್ತರ ಪ್ರಸಿದ್ಧವಾಯಿತು. ನಮ್ಮದಾದ ವಸ್ತು ಕೈಬಿಟ್ಟಾಗ ಆಗುವ ಸಂಕಟ, ಅದೇ ವಸ್ತು ಸಿಕ್ಕಾಗ ಆಗುವ ಸಂತೋಷಕ್ಕಿಂತ ದೊಡ್ಡದು ಎಂಬುದು ಆ ಉತ್ತರ. ಮುಂದೆ 2002ರಲ್ಲಿ ಕಾನೆಮನ್‌ಗೂ 2017ರಲ್ಲಿ ಥೇಲರ್‌ಗೂ ಅರ್ಥಶಾಸ್ತ್ರದ ನೊಬೆಲ್ ಬಂತು. ಉತ್ತರ ಸರಿಯೇ ಇರಬಹುದು. ಆದರೆ ಅದು ಅರ್ಧದಲ್ಲೇ ನಿಂತಂತೆ ನನಗೆ ಯಾವಾಗಲೂ ಅನ್ನಿಸಿದೆ. ಐದು ನಿಮಿಷದ ಹಿಂದೆ ಸಿಕ್ಕ ಒಂದು ಮಗ್‌ನ ಮೇಲೆ ಅಷ್ಟೊಂದು ಮಮತೆ ಹುಟ್ಟಬೇಕಾದರೆ ತಲೆಯೊಳಗೆ ಏನೋ ನಡೆದಿರಬೇಕಲ್ಲ? ಅದೇನು?

ಕೊಲಂಬಿಯಾ ವಿಶ್ವವಿದ್ಯಾಲಯದ ಎರಿಕ್ ಜಾನ್ಸನ್ ತಮ್ಮ ಸಹೋದ್ಯೋಗಿಗಳಾದ ಗೆರಾಲ್ಡ್ ಹಾಯ್ಬಲ್ ಮತ್ತು ಅನತ್ ಕೈನಾನ್ ಜೊತೆ ಸೇರಿ ಅದನ್ನು ಕಣ್ಣಾರೆ ನೋಡಲು ಒಂದು ಸರಳ ಉಪಾಯ ಹೂಡಿದರು. ಬೆಲೆ ಹೇಳುವ ಮೊದಲು, ಮನಸ್ಸಿಗೆ ಬಂದ ಪ್ರತಿಯೊಂದು ಯೋಚನೆಯನ್ನೂ ಬಂದ ಕ್ರಮದಲ್ಲೇ, ಒಂದೊಂದಾಗಿ, ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಎಂದು ಜನರನ್ನು ಕೇಳಿಕೊಂಡರು. ಆಮೇಲೆ ಪ್ರತಿ ಯೋಚನೆಯೂ ಮಗ್‌ನ ಬೆಲೆ ಏರಿಸುವಂಥದ್ದೋ ಇಳಿಸುವಂಥದ್ದೋ ಎಂದು ಗುರುತು ಹಾಕಿದರು. 2007ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಚಿತ್ರ ಸ್ಪಷ್ಟವಾಗಿತ್ತು. ಮಗ್‌ನ ಒಡೆಯರಿಗೆ ಮೊದಲು ಹೊಳೆದದ್ದು ಮಗ್ ಯಾಕೆ ಒಳ್ಳೆಯದು ಎಂಬ ಕಾರಣಗಳು, ಮತ್ತು ಅವೇ ಹೆಚ್ಚು ಸಂಖ್ಯೆಯಲ್ಲೂ ಇದ್ದವು. ಮಗ್ ತಮ್ಮದಾಗಿರದೆ, ಮಗ್ ಅಥವಾ ದುಡ್ಡು ಆರಿಸಬೇಕಾದವರಿಗೆ ಮೊದಲು ಹೊಳೆದದ್ದು ದುಡ್ಡು ಯಾಕೆ ಒಳ್ಳೆಯದು ಎಂಬುದು. ಎರಡನೇ ಬಗೆಯ ಯೋಚನೆಗಳು ಇಬ್ಬರಿಗೂ ತಡವಾಗಿ, ಕಡಿಮೆಯಾಗಿ ಬಂದವು.

ಇಷ್ಟಕ್ಕೇ ನಿಂತಿದ್ದರೆ ‘ಬೆಲೆ ಮೊದಲೇ ತೀರ್ಮಾನವಾಗಿತ್ತು, ಕಾರಣಗಳು ಹಿಂಬಾಲಿಸಿ ಬಂದವು’ ಎಂದು ಯಾರಾದರೂ ವಾದಿಸಬಹುದಿತ್ತು. ಅವರು ಅಲ್ಲಿಗೆ ನಿಲ್ಲಲಿಲ್ಲ. ಮುಂದಿನ ಪ್ರಯೋಗದಲ್ಲಿ ಕ್ರಮವನ್ನೇ ತಿರುಗಿಸಿದರು. ಮಾರುವವರಿಗೆ, ‘ಮೊದಲು ಮಗ್‌ನ ಬೆಲೆ ಇಳಿಸುವ ಕಾರಣ ಬರೆಯಿರಿ, ಆಮೇಲೆ ಏರಿಸುವ ಕಾರಣ’ ಎಂದರು. ಆರಿಸುವವರಿಗೆ ಇದರ ಉಲ್ಟಾ. ಎರಡೂ ಬಗೆಯ ಕಾರಣಗಳನ್ನು ಇಬ್ಬರೂ ಬರೆದರು, ಏನನ್ನೂ ಮುಚ್ಚಿಡಲಿಲ್ಲ, ಏನನ್ನೂ ಹೊಸದಾಗಿ ಹೇಳಿಕೊಡಲಿಲ್ಲ. ಬದಲಾದದ್ದು ಯಾವುದು ಮೊದಲು ಎಂಬುದೊಂದೇ. ಮಾರುವವರ ಮತ್ತು ಆರಿಸುವವರ ಬೆಲೆಗಳ ನಡುವಿನ ಆ ಪ್ರಸಿದ್ಧ ಕಂದಕ ಮುಚ್ಚಿಹೋಯಿತು.

ಇದನ್ನು ಜಾನ್ಸನ್ ಮತ್ತು ಎಲ್ಕೆ ವೆಬರ್ ಕ್ವೆರಿ ಥಿಯರಿ ಎಂದು ಕರೆದರು. ನಮ್ಮ ಇಷ್ಟಾನಿಷ್ಟಗಳು ಅಂಗಡಿಯ ಬೆಲೆಪಟ್ಟಿಯಂತೆ ಮನಸ್ಸಿನಲ್ಲಿ ಮೊದಲೇ ಬರೆದಿಟ್ಟು ತೂಗುಹಾಕಿರುವುದಿಲ್ಲ. ಕೇಳಿದಾಗ ಕಟ್ಟಿಕೊಳ್ಳುತ್ತೇವೆ ಎಂಬುದು ಅದರ ತಳಹದಿ. ಕಟ್ಟುವ ಬಗೆ ಹೀಗೆ: ಆಯ್ಕೆ ಎದುರಾದಾಗ ನಮ್ಮ ನೆನಪಿಗೆ ನಾವೇ ಸಣ್ಣ ಸಣ್ಣ ಪ್ರಶ್ನೆಗಳನ್ನು ಹಾಕುತ್ತೇವೆ. ‘ಇದನ್ನು ಇಟ್ಟುಕೊಂಡರೆ ಏನು ಲಾಭ?’, ‘ಅದನ್ನು ತೆಗೆದುಕೊಂಡರೆ ಏನು ಲಾಭ?’ ಈ ಪ್ರಶ್ನೆಗಳನ್ನು ಏಕಕಾಲಕ್ಕೆ ಹಾಕಲು ಬರುವುದಿಲ್ಲ, ಒಂದಾದ ಮೇಲೆ ಒಂದು. ಮೊದಲ ಪ್ರಶ್ನೆಗೆ ನೆನಪು ಧಾರಾಳವಾಗಿ ಉತ್ತರ ಕೊಡುತ್ತದೆ. ಎರಡನೆಯದರ ಹೊತ್ತಿಗೆ ಕೈ ಬಿಗಿ ಹಿಡಿಯುತ್ತದೆ.

ಯಾಕೆ ಕೈ ಬಿಗಿಯುತ್ತದೆ ಎಂಬುದೇ ನನಗೆ ಇಡೀ ವಿಷಯದ ಅತ್ಯಂತ ಸೊಗಸಾದ ಭಾಗ. ಒಂದು ಸಣ್ಣ ಪರೀಕ್ಷೆ ನೀವೇ ಮಾಡಿ ನೋಡಬಹುದು. ಕನ್ನಡಕ್ಕೆ ಜ್ಞಾನಪೀಠ ತಂದ ಎಂಟು ಮಂದಿಯ ಹೆಸರು ಹೇಳಿ ಎಂದು ಮನೆಯಲ್ಲಿ ಯಾರನ್ನಾದರೂ ಕೇಳಿ. ಕುವೆಂಪು, ಬೇಂದ್ರೆ, ಕಾರಂತ ಎಂದು ಮೂರು ಹೆಸರು ತಟ್ಟನೆ ಬರುತ್ತವೆ. ಅನಂತಮೂರ್ತಿ, ಕಾರ್ನಾಡ್ ಕೂಡ ಬಂದಾರು. ಆಮೇಲೆ ಎರಡೋ ಮೂರೋ ಹೆಸರು ಬಾಕಿ ಇದ್ದಾಗ ಒಂದು ವಿಚಿತ್ರ ಶುರುವಾಗುತ್ತದೆ. ಹೇಳಿ ಮುಗಿಸಿದ ಹೆಸರುಗಳೇ ಮತ್ತೆ ಮತ್ತೆ ನಾಲಿಗೆ ತುದಿಗೆ ಬಂದು ನಿಲ್ಲುತ್ತವೆ. ಮಾಸ್ತಿ, ಗೋಕಾಕ್, ಕಂಬಾರ ಗೊತ್ತಿಲ್ಲದ ಹೆಸರುಗಳೇನಲ್ಲ. ಅವರ ಪುಸ್ತಕಗಳು ಅದೇ ಮನೆಯ ಕಪಾಟಿನಲ್ಲಿ ಇರಬಹುದು. ಆದರೆ ಮೊದಲು ಬಂದವರು ಬಾಗಿಲಿಗೆ ಅಡ್ಡ ನಿಂತುಬಿಟ್ಟಿದ್ದಾರೆ.

ನಾರ್ಮನ್ ಸ್ಲಾಮೆಕಾ 1968ರಲ್ಲಿ ಇದನ್ನು ಪ್ರಯೋಗಶಾಲೆಯಲ್ಲಿ ತೋರಿಸಿದರು. ಒಂದು ಪದಪಟ್ಟಿ ಕಲಿಸಿ, ಕೆಲವರಿಗೆ ಅದರಲ್ಲಿನ ಕೆಲವು ಪದಗಳನ್ನು ಸುಳಿವಾಗಿ ಕೊಟ್ಟು, ಉಳಿದವನ್ನು ನೆನಪಿಸಿಕೊಳ್ಳಲು ಹೇಳಿದರು. ಸುಳಿವು ಸಿಕ್ಕವರು ಉಳಿದ ಪದಗಳಲ್ಲಿ ಹೆಚ್ಚು ಹೇಳಬೇಕಿತ್ತು. ಸುಳಿವೇ ಇಲ್ಲದವರಿಗಿಂತ ಅವರು ಕಡಿಮೆ ಹೇಳಿದರು. 1994ರಲ್ಲಿ ಮೈಕೆಲ್ ಆ್ಯಂಡರ್ಸನ್, ರಾಬರ್ಟ್ ಬ್ಯೋರ್ಕ್ ಮತ್ತು ಎಲಿಜಬೆತ್ ಬ್ಯೋರ್ಕ್ ಇನ್ನೂ ಒಳಕ್ಕೆ ಹೋದರು. ಹಣ್ಣುಗಳ ಪಟ್ಟಿ ಕಲಿತ ಮೇಲೆ ಕಿತ್ತಳೆಯನ್ನು ಪದೇಪದೇ ನೆನಪಿಸಿಕೊಂಡವರಿಗೆ, ಅದೇ ಪಟ್ಟಿಯ ಬಾಳೆಹಣ್ಣು ಮೊದಲಿಗಿಂತಲೂ ಹಿಂದೆ ಸರಿದಿತ್ತು. ಒಂದನ್ನು ನೆನೆಯುವುದೆಂದರೆ ಅದರ ಜೊತೆಗಾರರನ್ನು ಸ್ವಲ್ಪ ಹೊತ್ತು ಹಿಂದಕ್ಕೆ ತಳ್ಳುವುದು. ಮಗ್ ಮಾರಬೇಕಾದ ಹುಡುಗ ‘ಬಣ್ಣ ಚೆನ್ನಾಗಿದೆ, ಹಿಡಿ ಕೈಗೆ ಒಗ್ಗುತ್ತದೆ, ಹಾಸ್ಟೆಲ್ಲಿನಲ್ಲಿ ಬೇಕಾಗುತ್ತದೆ’ ಎಂದು ಮೂರು ಕಾರಣ ನೆನೆದ ಹೊತ್ತಿಗೆ ‘ಇಂಥ ಮಗ್ ಆಗಲೇ ಎರಡಿವೆ’ ಎಂಬುದು ಮರೆಯಾಗಿರುತ್ತದೆ. ಅವನು ತನ್ನನ್ನು ತಾನು ಮೋಸಮಾಡಿಕೊಳ್ಳುತ್ತಿಲ್ಲ. ಅವನಿಗೆ ಆ ಕ್ಷಣಕ್ಕೆ ನಿಜವಾಗಿಯೂ ಅಷ್ಟೇ ಕಾಣುತ್ತಿದೆ.

ಹಾಗಾದರೆ ಮೊದಲ ಪ್ರಶ್ನೆ ಯಾವುದೆಂದು ನಿರ್ಧರಿಸುವುದು ಯಾರು? ಬಹಳಷ್ಟು ಸಲ ಯಾರೂ ಅಲ್ಲ, ಸನ್ನಿವೇಶವೇ. ಕೈಯಲ್ಲಿ ಇರುವುದರ ಬಗ್ಗೆ ಮೊದಲು ಕೇಳಿಕೊಳ್ಳುತ್ತೇವೆ. ಈಗ ಸಿಗುವುದರ ಬಗ್ಗೆ, ಆಮೇಲೆ ಸಿಗುವುದಕ್ಕಿಂತ ಮೊದಲು ಕೇಳಿಕೊಳ್ಳುತ್ತೇವೆ. ವೆಬರ್ ಮತ್ತು ಸಂಗಡಿಗರು 2007ರಲ್ಲೇ ಉಡುಗೊರೆ ಕೂಪನ್‌ಗಳನ್ನಿಟ್ಟು ಇದನ್ನು ಪರೀಕ್ಷಿಸಿದರು. ‘ಈಗ ಸಿಗುವುದನ್ನು ಮುಂದೂಡುತ್ತೀರಾ?’ ಎಂದು ಕೇಳಿಸಿಕೊಂಡವರು, ‘ಮುಂದೆ ಸಿಗುವುದನ್ನು ಈಗಲೇ ತರಿಸಿಕೊಳ್ಳುತ್ತೀರಾ?’ ಎಂದು ಕೇಳಿಸಿಕೊಂಡವರಿಗಿಂತ ಹೆಚ್ಚು ಅವಸರ ತೋರಿಸಿದರು. ಕಾರಣ ಬರೆಯುವ ಕ್ರಮ ಬದಲಿಸಿದಾಗ ಇಲ್ಲೂ ವ್ಯತ್ಯಾಸ ಹೋಯಿತು. ತಾಳ್ಮೆ ಎಂಬ ಗುಣವನ್ನು ನಾವು ಹುಟ್ಟಿನಿಂದ ಬಂದ ಸ್ವಭಾವ ಎಂದು ತಿಳಿದಿರುತ್ತೇವೆ. ಅದರ ಒಂದು ಪಾಲಾದರೂ ಪ್ರಶ್ನೆಯ ಸರದಿಯಲ್ಲಿ ಇದೆ ಎಂದಾದರೆ, ಮಕ್ಕಳಿಗೆ ‘ನಿನಗೆ ತಾಳ್ಮೆಯೇ ಇಲ್ಲ’ ಎಂದು ಹಣೆಪಟ್ಟಿ ಕಟ್ಟುವ ಮೊದಲು ಎರಡು ಸಲ ಯೋಚಿಸಬೇಕು.

ಕೆಲವೊಮ್ಮೆ ಒಂದೇ ಒಂದು ಹೆಸರು ಸರದಿಯನ್ನು ತಿರುಗಿಸುತ್ತದೆ. ಡೇವಿಡ್ ಹಾರ್ಡಿಸ್ಟಿ, ಜಾನ್ಸನ್ ಮತ್ತು ವೆಬರ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 898 ಅಮೆರಿಕನ್ನರ ಮುಂದೆ ವಿಮಾನದ ಟಿಕೆಟಿನಂಥ ಆಯ್ಕೆಗಳನ್ನಿಟ್ಟರು. ಎರಡರಲ್ಲಿ ಒಂದರ ಬೆಲೆಗೆ ಇಂಗಾಲದ ಹೊಗೆಯ ಬಾಬ್ತು ಒಂದಿಷ್ಟು ಹಣ ಸೇರಿತ್ತು. ಆ ಹಣವನ್ನು ಕೆಲವರಿಗೆ ‘ಕಾರ್ಬನ್ ತೆರಿಗೆ’ ಎಂದರು, ಕೆಲವರಿಗೆ ‘ಕಾರ್ಬನ್ ಆಫ್‌ಸೆಟ್’ ಎಂದರು. ಹಣ ಅಷ್ಟೇ, ಹೋಗುವ ಉದ್ದೇಶವೂ ಅದೇ. ರಿಪಬ್ಲಿಕನ್ ಪಕ್ಷದತ್ತ ಒಲವಿದ್ದವರಿಗೆ ‘ತೆರಿಗೆ’ ಎಂದ ಕೂಡಲೇ ಮೊದಲು ಹೊಳೆದದ್ದು ಅದನ್ನು ಯಾಕೆ ಕೊಡಬಾರದು ಎಂಬ ಕಾರಣಗಳು. ಆಫ್‌ಸೆಟ್ ಎಂದಾಗ ಹಾಗಾಗಲಿಲ್ಲ, ಹೆಚ್ಚು ಮಂದಿ ಒಪ್ಪಿದರು. ಯಾವ ಪಕ್ಷಕ್ಕೂ ಸೇರದವರಲ್ಲೂ ವ್ಯತ್ಯಾಸ ಕಂಡಿತು. ಡೆಮಾಕ್ರಟರಿಗೆ ಮಾತ್ರ ಎರಡೂ ಹೆಸರು ಒಂದೇ ಆಗಿತ್ತು. ಈ ಕೊನೆಯ ಮಾತು ಮುಖ್ಯ. ಕ್ರಮದ ಪ್ರಭಾವ ಎಲ್ಲರ ಮೇಲೂ ಎಲ್ಲ ಕಡೆಯೂ ಒಂದೇ ಸಮ ಬೀಳುವುದಿಲ್ಲ. ಒಂದು ಹೆಸರು ಕೇಳಿದಾಗ ನಮ್ಮೊಳಗೆ ಯಾವ ಪ್ರಶ್ನೆ ಮೊದಲು ಏಳುತ್ತದೆ ಎಂಬುದು ನಾವು ಬೆಳೆದು ಬಂದ ಬಳಗದ ಮೇಲೆ ನಿಂತಿದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಎರಡು ಆಯ್ಕೆಗಳ ಕಥೆ. ಎರಡಿದ್ದರೆ ಎರಡೇ ಕ್ರಮ. ಮೂರಾದರೆ ಆರು, ಐದಾದರೆ 120, ಹತ್ತು ಆಯ್ಕೆಗಳನ್ನು ಯೋಚಿಸಲು 36,28,800 ಕ್ರಮಗಳು. ಅಷ್ಟನ್ನೂ ಯಾರೂ ಸುತ್ತಿಬರುವುದಿಲ್ಲ. ಒಂದು ತುದಿಯಿಂದ ಶುರುಮಾಡುತ್ತೇವೆ, ನಡುವೆ ಎಲ್ಲೋ ಒಂದು ಹಿಡಿಸುತ್ತದೆ, ಅಲ್ಲಿಂದ ಮುಂದೆ ಉಳಿದವನ್ನು ಅದರ ಪಕ್ಕದಲ್ಲಿಟ್ಟು ನೋಡುತ್ತೇವೆ. ಯಾವ ತುದಿಯಿಂದ ಶುರುಮಾಡಿದೆವು ಎಂಬುದು ಆಮೇಲೆ ನೆನಪೂ ಇರುವುದಿಲ್ಲ.

ರಿಚರ್ಡ್ ನಿಸ್ಬೆಟ್ ಮತ್ತು ತಿಮೊಥಿ ವಿಲ್ಸನ್ 1977ರಲ್ಲಿ ವರದಿ ಮಾಡಿದ ಒಂದು ಪ್ರಯೋಗದಲ್ಲಿ ಅಂಗಡಿಯ ಮೇಜಿನ ಮೇಲೆ ನಾಲ್ಕು ಜೊತೆ ನೈಲಾನ್ ಕಾಲುಚೀಲ ಸಾಲಾಗಿ ಇಟ್ಟಿದ್ದರು. ಯಾವುದರ ಗುಣಮಟ್ಟ ಚೆನ್ನಾಗಿದೆ ಎಂದು ಬಂದವರನ್ನು ಕೇಳಿದರು. ಎಡದಿಂದ ಬಲಕ್ಕೆ ಅವಕ್ಕೆ ಬಿದ್ದ ಒಲವು ಶೇ. 12, 17, 31, 40. ನಾಲ್ಕೂ ಜೊತೆ ಒಂದೇ ಮಾಲು. ಆರಿಸಿದ ಕಾರಣ ಕೇಳಿದರೆ ನೇಯ್ಗೆಯನ್ನೋ ನೂಲನ್ನೋ ಹೊಗಳಿದರು. ಇಟ್ಟ ಜಾಗ ಕಾರಣವಿರಬಹುದೇ ಎಂದರೆ ಹೆಚ್ಚುಕಡಿಮೆ ಎಲ್ಲರೂ ಇಲ್ಲವೆಂದರು.

ಇಲ್ಲಿ ಕೊನೆಯದು ಗೆದ್ದಿತು. ಮುದ್ರಿತ ಪಟ್ಟಿಯಲ್ಲಿ ಸಾಮಾನ್ಯವಾಗಿ ಮೊದಲನೆಯದು ಗೆಲ್ಲುತ್ತದೆ. ಅಮೆರಿಕದ ಒಹಾಯೊ ರಾಜ್ಯದಲ್ಲಿ ಮತಪತ್ರದ ಮೇಲಿನ ಹೆಸರುಗಳನ್ನು ಒಂದೊಂದು ಮತಗಟ್ಟೆಯಲ್ಲಿ ಒಂದೊಂದು ಸರದಿಯಲ್ಲಿ ಮುದ್ರಿಸುವ ಕಾನೂನಿದೆ. ಹಾಗಾಗಿ ಅಲ್ಲಿ ಪ್ರತಿ ಚುನಾವಣೆಯೂ ತಾನಾಗಿಯೇ ಒಂದು ಪ್ರಯೋಗ. ಜೊವಾನ್ ಮಿಲ್ಲರ್ ಮತ್ತು ಜಾನ್ ಕ್ರೊಸ್ನಿಕ್ 1992ರ ಚುನಾವಣೆಯಲ್ಲಿ ಅಲ್ಲಿನ ಮೂರು ಕೌಂಟಿಗಳ 118 ಸ್ಪರ್ಧೆಗಳನ್ನು ಪರಿಶೀಲಿಸಿದರು. ಅವುಗಳಲ್ಲಿ ಶೇ. 48ರಷ್ಟು ಕಡೆ ಹೆಸರಿನ ಕ್ರಮದ ಪ್ರಭಾವ ಕಂಡಿತು. ಮೊದಲ ಹೆಸರಿಗೆ ಸಿಕ್ಕ ಲಾಭ ಸರಾಸರಿ ಶೇ. 2.5. ಅಭ್ಯರ್ಥಿಯ ಪಕ್ಷ ಮತಪತ್ರದ ಮೇಲೆ ನಮೂದಾಗದ ಕಡೆ ಈ ಲಾಭ ಹೆಚ್ಚು.

ನಮ್ಮ ವಿಧಾನಸಭೆ, ಲೋಕಸಭೆ ಚುನಾವಣೆಗಳ ಮತಯಂತ್ರದಲ್ಲಿ ಮಾನ್ಯತೆ ಪಡೆದ ಪಕ್ಷಗಳ ಅಭ್ಯರ್ಥಿಗಳು ಮೊದಲು, ಆಮೇಲೆ ನೋಂದಾಯಿತ ಪಕ್ಷಗಳವರು, ಕೊನೆಗೆ ಪಕ್ಷೇತರರು. ಪ್ರತಿ ಗುಂಪಿನೊಳಗೆ ಅಕ್ಷರಮಾಲೆಯ ಸರದಿ. 2013ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಬಂದ ನೋಟಾ ಎಲ್ಲರ ಕೆಳಗೆ. ಚಿಹ್ನೆಯನ್ನೇ ಹುಡುಕಿಕೊಂಡು ಹೋಗುವ ಮತದಾರರಿಗೆ ಈ ಸರದಿ ದೊಡ್ಡ ವಿಷಯವಾಗಲಾರದು. ಪಕ್ಷದ ಚಿಹ್ನೆಯಿಲ್ಲದೆ ನಡೆಯುವ ಗ್ರಾಮ ಪಂಚಾಯಿತಿ ಚುನಾವಣೆ ಬೇರೆ ಮಾತು. ಊರಿನವರಿಗೆ ಅಭ್ಯರ್ಥಿಗಳ ಪರಿಚಯ ಇರುತ್ತದೆ, ನಿಜ. ಆದರೆ ಒಂದು ವಾರ್ಡಿನಿಂದ ಇಬ್ಬರು ಮೂವರು ಸದಸ್ಯರನ್ನು ಆರಿಸಬೇಕಾದಲ್ಲಿ, ಮೊದಲ ಮತ ನಿಶ್ಚಯವಾಗಿದ್ದು ಉಳಿದದ್ದಕ್ಕೆ ಯಾರೆಂದು ಹೊಳೆಯದವರ ಕಣ್ಣು ಪಟ್ಟಿಯ ಮೇಲೆ ಎಲ್ಲಿ ಮೊದಲು ನಿಲ್ಲುತ್ತದೆ? ಒಹಾಯೊದಂತೆ ಹೆಸರುಗಳನ್ನು ಸರದಿ ಬದಲಿಸಿ ಮುದ್ರಿಸುವುದು ಖರ್ಚಿನ ಕೆಲಸ. ಆದರೂ ಅದು ನ್ಯಾಯದ ಕೆಲಸ ಎಂದೇ ನಾನು ನಂಬುತ್ತೇನೆ.

ಆಯ್ಕೆಗಳ ಸರದಿ ಹಾಗಿರಲಿ, ಅಳತೆಗೋಲುಗಳ ಸರದಿ ಅದಕ್ಕಿಂತ ಬಲವಾದದ್ದು. ಇದನ್ನು ಕಾನೆಮನ್‌ರ ದೀರ್ಘಕಾಲದ ಜೊತೆಗಾರ ಏಮಸ್ ಟ್ವೆರ್ಸ್ಕಿ 1972ರಲ್ಲೇ ಬರೆದಿದ್ದರು. ಆಯ್ಕೆಗಳು ಹಲವಾದಾಗ ಜನ ಎಲ್ಲವನ್ನೂ ಎಲ್ಲ ಗುಣಗಳಲ್ಲೂ ತೂಗುವುದಿಲ್ಲ. ಒಂದು ಗುಣವನ್ನು ಹಿಡಿದು, ಅದಿಲ್ಲದವನ್ನೆಲ್ಲ ಆಚೆಗಿಟ್ಟು, ಉಳಿದವುಗಳಿಗೆ ಮುಂದಿನ ಗುಣ ಹಚ್ಚುತ್ತಾರೆ ಎಂಬುದು ಅವರ ಪ್ರತಿಪಾದನೆ. ಜರಡಿ ಹಿಡಿಯುವ ಕ್ರಮ ಬದಲಾದರೆ ಕೊನೆಗೆ ಉಳಿಯುವುದೂ ಬದಲಾಗುತ್ತದೆ.

ಪ್ರತಿ ವರ್ಷ ನಮ್ಮ ರಾಜ್ಯದಲ್ಲಿ ಸಾವಿರಾರು ಮನೆಗಳಲ್ಲಿ ಇದು ನಡೆಯುತ್ತದೆ. ಸಿಇಟಿ ರ‍್ಯಾಂಕ್ ಬಂದಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪೋರ್ಟಲ್‌ನಲ್ಲಿ ಆಪ್ಷನ್ ಎಂಟ್ರಿ ಮಾಡಬೇಕು. ಯಾವ ಕಾಲೇಜು, ಯಾವ ಬ್ರಾಂಚ್ ಎಂದು ಆದ್ಯತೆಯ ಕ್ರಮದಲ್ಲಿ ತುಂಬಬೇಕು. ಹಾಸನದ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಹುಡುಗಿಗೆ ಎಲೆಕ್ಟ್ರಾನಿಕ್ಸ್ ಅಥವಾ ಕಂಪ್ಯೂಟರ್ ಸೈನ್ಸ್ ಇಷ್ಟ. ಅವಳ ರ‍್ಯಾಂಕಿಗೆ ಎಟಕುವ ನಾಲ್ಕು ಸೀಟುಗಳಿವೆ. ಒಂದು ಹಾಸನದಲ್ಲೇ ಮೆಕ್ಯಾನಿಕಲ್, ಫೀಸು ಕಡಿಮೆ. ಎರಡು, ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್, ಫೀಸು ನಿಭಾಯಿಸುವಷ್ಟು. ಮೂರು, ಬೆಂಗಳೂರಿನ ಹೆಸರಾಂತ ಹಳೆಯ ಕಾಲೇಜಿನಲ್ಲಿ ಸಿವಿಲ್. ನಾಲ್ಕು, ಬೆಂಗಳೂರಿನದೇ ಹೊಸ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್, ಫೀಸು ವಿಪರೀತ.

ಲ್ಯಾಪ್‌ಟಾಪ್ ತೆರೆದು ಕೂತ ಕೂಡಲೇ ಅಪ್ಪ ಹೇಳುತ್ತಾರೆ: ‘ಹಾಸ್ಟೆಲ್ಲು ಗೀಸ್ಟೆಲ್ಲು ಬೇಡಮ್ಮ, ಮೊದ್ಲು ಹತ್ರ ಯಾವ್ದಿದೆ ನೋಡು.’ ಮಾತು ಮುಗಿಯಿತು. ಹತ್ತಿರದ್ದು ಒಂದೇ ಇದೆ. ಉಳಿದ ಮೂರು ಪಟ್ಟಿಯ ಕೆಳಗೆ ಹೋಗುತ್ತವೆ. ಆಮೇಲೆ ‘ಮೆಕ್ಯಾನಿಕಲ್ಲಿಗೂ ಒಳ್ಳೆ ಭವಿಷ್ಯ ಇದೆ’, ‘ಊಟ ಮನೆಯದ್ದೇ’, ‘ಫೀಸೂ ಕಮ್ಮಿ’ ಎಂದು ಕಾರಣಗಳು ಒಂದರ ಹಿಂದೆ ಒಂದು ಸೇರಿಕೊಳ್ಳುತ್ತವೆ. ಪಕ್ಕದಲ್ಲಿ ಕೂತ ಸೋದರಮಾವ ಮೊದಲು ಬಾಯಿ ತೆರೆದು ‘ಕಾಲೇಜಿನ ಹೆಸರು ಮುಖ್ಯ ಕಣೇ, ನಾಳೆ ಕೆಲಸಕ್ಕೆ ಹೋದಾಗ ಅದನ್ನೇ ಕೇಳೋದು’ ಎಂದಿದ್ದರೆ ಬೆಂಗಳೂರಿನ ಸಿವಿಲ್ ಮೇಲೆ ಬರುತ್ತಿತ್ತು. ಹುಡುಗಿಯೇ ‘ಅಪ್ಪಾ, ಮೊದಲು ಬ್ರಾಂಚ್ ನೋಡೋಣ, ಆಮೇಲೆ ಉಳಿದದ್ದು’ ಎಂದಿದ್ದರೆ ಎರಡು ಮತ್ತು ನಾಲ್ಕು ಉಳಿಯುತ್ತಿದ್ದವು. ಅವುಗಳ ಮೇಲೆ ಫೀಸಿನ ಪ್ರಶ್ನೆ ಬಂದಾಗ ಮೈಸೂರು ನಿಲ್ಲುತ್ತಿತ್ತು. ದೂರದ ಮಾತು ಕೊನೆಗೆ ಬಂದರೂ, ಉಳಿದೆರಡರಲ್ಲಿ ಮನೆಗೆ ಹತ್ತಿರ ಅದೇ ಆದ್ದರಿಂದ ಅಪ್ಪನೂ ಒಪ್ಪುತ್ತಿದ್ದರು. ಮೂವರಿಗೂ ಅವಳ ಮೇಲಿನ ಕಾಳಜಿ ಒಂದೇ. ಮೂವರೂ ಹೇಳಿದ ಮಾತು ಸರಿಯಾದದ್ದೇ. ನಾಲ್ಕು ವರ್ಷ, ಪ್ರಾಯಶಃ ಅದರಾಚೆಯ ಬದುಕೂ, ಯಾರು ಮೊದಲು ಮಾತಾಡಿದರು ಎಂಬುದರ ಮೇಲೆ ತಿರುಗಿತು.

ಇದೇ ಆಪ್ಷನ್ ಎಂಟ್ರಿಯಲ್ಲಿ ಇನ್ನೊಂದು ತಪ್ಪು ಸರದಿಯೂ ನುಸುಳುತ್ತದೆ. ‘ಯಾವುದು ಬೇಕು?’ ಎಂಬುದಕ್ಕಿಂತ ಮೊದಲು ‘ಯಾವುದು ಸಿಕ್ಕೀತು?’ ಎಂದು ಕೇಳಿಕೊಳ್ಳುವುದು. ಸೀಟು ಹಂಚಿಕೆ ನಡೆಯುವುದು ರ‍್ಯಾಂಕ್ ಮತ್ತು ನೀವು ತುಂಬಿದ ಆದ್ಯತೆಯ ಪ್ರಕಾರ. ಮೇಲಿನದು ಸಿಗದಿದ್ದರೆ ಮಾತ್ರ ಕೆಳಗಿನದಕ್ಕೆ ಇಳಿಯುತ್ತದೆ. ಸಿಗಲಾರದ್ದನ್ನು ಮೇಲಿಟ್ಟ ಕಾರಣಕ್ಕೆ ಕೆಳಗಿನದು ಕೈತಪ್ಪುವುದಿಲ್ಲ. ಆದ್ದರಿಂದ ಮನಸ್ಸಿಗೆ ನಿಜವಾಗಿ ಬೇಕಾದದ್ದನ್ನೇ ಮೇಲೆ ಬರೆಯುವುದರಿಂದ ನಷ್ಟವಿಲ್ಲ. ‘ಸಿಕ್ಕೀತು’ ಎಂಬುದನ್ನು ಮೊದಲು ಕೇಳಿಕೊಂಡವರು ‘ಬೇಕು’ ಎಂಬುದಕ್ಕೆ ಬರುವ ಹೊತ್ತಿಗೆ, ಬೇಕೆನ್ನಲು ಇದ್ದ ಕಾರಣಗಳು ಮಸುಕಾಗಿರುತ್ತವೆ.

ಒಮ್ಮೆ ಮುಂದೆ ಬಂದ ಆಯ್ಕೆ ಮುಂದೆಯೇ ಉಳಿಯಲು ಇನ್ನೊಂದು ಕಾರಣವೂ ಇದೆ. ಎಡ್ವರ್ಡ್ ರುಸೊ, ಕರ್ಟ್ ಕಾರ್ಲ್‌ಸನ್ ಮತ್ತು ಮಾರ್ಗರೆಟ್ ಮೆಲಾಯ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನ ತಾವೇ ಕಡಿಮೆ ದರ್ಜೆಯದು ಎಂದು ಮೊದಲು ಹೇಳಿದ್ದ ಆಯ್ಕೆಯನ್ನು ಅವರ ಮುಂದೆ ಮತ್ತೆ ಇಟ್ಟರು. ಈ ಸಲ ಅದರ ಅತ್ಯುತ್ತಮ ಗುಣವನ್ನು ಎಲ್ಲಕ್ಕಿಂತ ಮೊದಲು ತೋರಿಸಿದರು. ಮಾಹಿತಿ ಬೇರೆಯಲ್ಲ, ಸರದಿ ಬೇರೆ. ಅರ್ಧಕ್ಕಿಂತ ಹೆಚ್ಚು ಮಂದಿ ಅದನ್ನೇ ಆರಿಸಿದರು, ತಮ್ಮ ಆಯ್ಕೆಯ ಬಗ್ಗೆ ವಿಶ್ವಾಸದಿಂದಲೂ ಇದ್ದರು. ಆರಂಭದಲ್ಲೇ ಒಂದು ಮುಂದಾಳು ಸಿಕ್ಕರೆ, ಆಮೇಲೆ ಬರುವ ಪ್ರತಿ ಸಂಗತಿಯನ್ನೂ ಸ್ವಲ್ಪ ಅದರ ಕಡೆಗೆ ವಾಲಿಸಿ ಓದಿಕೊಳ್ಳುತ್ತೇವೆ. ನೆನಪು ಒಂದು ಕಡೆಯಿಂದ ಬಾಗಿಲು ಮುಚ್ಚಿದರೆ, ಅರ್ಥಮಾಡಿಕೊಳ್ಳುವ ಬಗೆ ಇನ್ನೊಂದು ಕಡೆಯಿಂದ ಮುಚ್ಚುತ್ತದೆ.

ಯಾರೂ ಮಾತಾಡದೆ, ಯಾರೂ ಪಟ್ಟಿ ಮಾಡದೆ ಮೊದಲ ಪ್ರಶ್ನೆಯನ್ನು ಇಟ್ಟುಹೋಗುವ ಒಂದು ಸಾಧನವಿದೆ, ಅದು ಡಿಫಾಲ್ಟ್, ಅಂದರೆ ನಾವು ಏನೂ ಹೇಳದಿದ್ದರೆ ತಾನಾಗಿ ಉಳಿಯುವ ಆಯ್ಕೆ. ಐಸಾಕ್ ಡಿನ್ನರ್, ಜಾನ್ಸನ್ ಮತ್ತು ಸಂಗಡಿಗರು ಜನರಿಗೆ ಹೀಗೊಂದು ಸನ್ನಿವೇಶ ಕೊಟ್ಟರು: ಮನೆ ದುರಸ್ತಿ ಮುಗಿದಿದೆ, ಗುತ್ತಿಗೆದಾರ ಎಲ್ಲ ಹೋಲ್ಡರಿಗೂ ಒಂದು ಬಗೆಯ ಬಲ್ಬ್ ಹಾಕಿದ್ದಾನೆ, ಬೇಡವೆಂದರೆ ಬದಲಿಸಿಕೊಡುತ್ತಾನೆ. ಹಳೆಯ ತಂತಿ ಬಲ್ಬ್ ಹಾಕಿದ್ದರೆ ಅದನ್ನು ಉಳಿಸಿಕೊಂಡವರ ಪ್ರಮಾಣ, ಸಿಎಫ್‌ಎಲ್ ಹಾಕಿದ್ದಾಗ ಅದನ್ನು ತೆಗೆಸಿ ತಂತಿ ಬಲ್ಬ್ ಹಾಕಿಸಿಕೊಂಡವರಿಗಿಂತ ತುಂಬ ಹೆಚ್ಚು. ಜನ ಬರೆದ ಯೋಚನೆಗಳನ್ನು ತೆರೆದು ನೋಡಿದರೆ, ಹೋಲ್ಡರಿನಲ್ಲಿ ಇದ್ದದ್ದರ ಪರವಾದ ಕಾರಣಗಳು ಮೊದಲು ಬಂದಿದ್ದವು.

ಇದೇ ಸಂಗತಿ ಅಂಗಾಂಗ ದಾನದಲ್ಲಿ ಜೀವನ್ಮರಣದ ಮಾತಾಗುತ್ತದೆ. ಜಾನ್ಸನ್ ಮತ್ತು ಡೇನಿಯಲ್ ಗೋಲ್ಡ್‌ಸ್ಟೀನ್ 2003ರಲ್ಲಿ ಯೂರೋಪಿನ ದೇಶಗಳನ್ನು ಹೋಲಿಸಿದರು. ದಾನಿಯಾಗಲು ಹೆಸರು ಬರೆಸಬೇಕಾದ ಜರ್ಮನಿಯಲ್ಲಿ ಒಪ್ಪಿಗೆ ಶೇ. 12. ಬೇಡವೆಂದು ಹೇಳದಿದ್ದರೆ ದಾನಿಯೇ ಎಂದು ಪರಿಗಣಿಸುವ ಪಕ್ಕದ ಆಸ್ಟ್ರಿಯಾದಲ್ಲಿ ಶೇ. 99.98. ಅವರೇ ನಡೆಸಿದ ಆನ್‌ಲೈನ್ ಪ್ರಯೋಗದಲ್ಲಿ, ಒಪ್ಪಿಗೆ ಕೊಡಬೇಕಾದಲ್ಲಿ ಶೇ. 42 ಮಂದಿ ದಾನಿಗಳಾದರು, ನಿರಾಕರಿಸಬೇಕಾದಲ್ಲಿ ಶೇ. 82, ಯಾವುದನ್ನೂ ಮೊದಲೇ ಗುರುತಿಸದೆ ಕೇಳಿದಾಗ ಶೇ. 79. ಕೊನೆಯ ಸಂಖ್ಯೆ ನನ್ನನ್ನು ಬಹಳ ಯೋಚಿಸುವಂತೆ ಮಾಡಿದೆ. ಪ್ರಶ್ನೆಯನ್ನು ನೇರವಾಗಿ ಇಟ್ಟರೆ ಬಹುಪಾಲು ಜನ ಕೊಡುವವರೇ. ‘ದಾನಿ ಅಲ್ಲ’ ಎಂಬ ಕಡೆ ಗುರುತು ಹಾಕಿ ಕೊಟ್ಟಾಗ ಅವರಲ್ಲಿ ಎಷ್ಟೋ ಮಂದಿ ಅಲ್ಲೇ ನಿಂತುಬಿಡುತ್ತಾರೆ. ಕಾಗದದ ಮೇಲಿನ ಒಪ್ಪಿಗೆಯೆಲ್ಲ ಕಸಿಯಾಗಿ ಮುಗಿಯುವುದಿಲ್ಲ, ಆಸ್ಪತ್ರೆಯ ವ್ಯವಸ್ಥೆ, ಸಮಯ, ಕುಟುಂಬದ ಮಾತು ಎಲ್ಲವೂ ನಡುವೆ ಇವೆ. ಭಾರತದಲ್ಲಿ ಕಾನೂನು ಹೆಸರು ಬರೆಸುವ ಬಗೆಯದು, ಕೊನೆಗೆ ಮನೆಯವರ ಸಮ್ಮತಿ ಬೇಕೇ ಬೇಕು. ದುಃಖದ ಆ ಗಳಿಗೆಯಲ್ಲಿ ಮನೆಯವರ ಮುಂದೆ ಮೊದಲು ಬರುವುದು ‘ದೇಹಕ್ಕೆ ಏನು ಮಾಡುತ್ತಾರೋ’ ಎಂಬ ಪ್ರಶ್ನೆಯೋ, ‘ಹೋದವರು ಬದುಕಿದ್ದಾಗ ಏನು ಬಯಸಿದ್ದರು’ ಎಂಬ ಪ್ರಶ್ನೆಯೋ? ಎರಡನೆಯದು ಮೊದಲು ಬರಬೇಕಾದರೆ ಆ ಮಾತು ಮನೆಯಲ್ಲಿ ಯಾವತ್ತೋ ಒಂದು ದಿನ ಆಗಿರಬೇಕು.

ಸರದಿಯನ್ನು ಬೇಕೆಂದೇ ತಿರುಗಿಸಿ ಒಳಿತು ಮಾಡಲು ಸಾಧ್ಯವೇ? ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ಪಿಂಚಣಿಯಲ್ಲಿ ಅಂಥ ಒಂದು ಯತ್ನ ನಡೆದಿದೆ. ಅದನ್ನು 62ರಿಂದ 70 ವರ್ಷದ ನಡುವೆ ಯಾವಾಗ ಬೇಕಾದರೂ ಶುರುಮಾಡಿಸಿಕೊಳ್ಳಬಹುದು. 1960 ಅಥವಾ ಆಮೇಲೆ ಹುಟ್ಟಿದವರಿಗೆ ಪೂರ್ಣ ಪಿಂಚಣಿಯ ವಯಸ್ಸು 67. 62ಕ್ಕೇ ಶುರುಮಾಡಿದರೆ ತಿಂಗಳ ಮೊತ್ತ ಬದುಕಿರುವವರೆಗೂ ಶೇ. 30 ಕಡಿಮೆ, 70ರವರೆಗೆ ಕಾದರೆ ಶೇ. 24 ಹೆಚ್ಚು. ದೀರ್ಘಕಾಲ ಬದುಕುವವರಿಗೆ, ಅದರಲ್ಲೂ ಗಂಡನಿಗಿಂತ ಹೆಚ್ಚು ವರ್ಷ ಬದುಕುವ ಹೆಂಗಸರಿಗೆ, ಕಾಯುವುದರಲ್ಲಿ ಲಾಭವಿದೆ. ಆದರೂ ಬೇಗ ಶುರುಮಾಡುವವರು ಬಹಳ. ಮೆಲಿಸಾ ನೋಲ್, ಕಿರ್ಸ್ಟಿನ್ ಆಪೆಲ್ಟ್, ಜಾನ್ಸನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನರಿಗೆ ತಾನಾಗಿ ಮೊದಲು ಹೊಳೆಯುವುದು ಬೇಗ ತೆಗೆದುಕೊಳ್ಳುವ ಕಾರಣಗಳು ಎಂದು ಕಂಡಿತು. ‘ತಡವಾಗಿ ಶುರುಮಾಡಲು ಏನು ಕಾರಣ?’ ಎಂದು ಮೊದಲು ಬರೆಸಿ, ಆಮೇಲೆ ಬೇಗ ಶುರುಮಾಡುವ ಕಾರಣ ಬರೆಸಿದಾಗ, ಅವರು ಹೇಳಿದ ವಯಸ್ಸು ಹಲವು ತಿಂಗಳು ಮುಂದೆ ಹೋಯಿತು. ಅಲ್ಲಿ ನೆಲೆಸಿ ನಿವೃತ್ತಿಯ ಹೊಸ್ತಿಲಲ್ಲಿರುವ ಕನ್ನಡಿಗರು ಒಂದು ಹಾಳೆ ತೆಗೆದುಕೊಂಡು ಈ ಕ್ರಮದಲ್ಲಿ ಬರೆದು ನೋಡಬಹುದು. ಬರೆದ ಮೇಲೂ 62 ಎಂದೇ ಅನ್ನಿಸಿದರೆ, ಆರೋಗ್ಯವೋ ಸಾಲವೋ ಅದಕ್ಕೆ ಗಟ್ಟಿ ಕಾರಣ ಇದ್ದೀತು.

ಈ ಎಚ್ಚರ ಹೊಸದೇನೂ ಅಲ್ಲ. ಕ್ರಿ.ಶ. 200ರ ಸುಮಾರಿಗೆ ಸಂಕಲನವಾದ ಯಹೂದಿಗಳ ನ್ಯಾಯಸಂಹಿತೆ ಮಿಶ್ನಾದಲ್ಲಿ, ಮರಣದಂಡನೆ ಆಗಬಹುದಾದ ಮೊಕದ್ದಮೆಗಳಿಗೆ ಬೇರೆಯೇ ನಿಯಮವಿದೆ. ಹಣಕಾಸಿನ ವ್ಯಾಜ್ಯದಲ್ಲಿ ಚರ್ಚೆಯನ್ನು ಯಾವ ಕಡೆಯಿಂದಲಾದರೂ ಶುರುಮಾಡಬಹುದು. ಪ್ರಾಣದ ಪ್ರಶ್ನೆ ಇದ್ದಾಗ ಆರೋಪಿಯನ್ನು ಬಿಡಲು ಇರುವ ಕಾರಣಗಳಿಂದಲೇ ಶುರುಮಾಡಬೇಕು, ತಪ್ಪಿತಸ್ಥ ಎನ್ನುವ ಕಾರಣಗಳಿಂದ ಕೂಡದು. ಹಣದ ವ್ಯಾಜ್ಯದಲ್ಲಿ ಹಿರಿಯ ನ್ಯಾಯಾಧೀಶ ಮೊದಲು ಅಭಿಪ್ರಾಯ ಹೇಳುತ್ತಾನೆ, ಪ್ರಾಣದ ಮೊಕದ್ದಮೆಯಲ್ಲಿ ಅಂಚಿನಲ್ಲಿ ಕೂತ ಕಿರಿಯರು ಮೊದಲು ಹೇಳಬೇಕು. ಸ್ಲಾಮೆಕಾನ ಪದಪಟ್ಟಿಯಿಲ್ಲದೆ, ಜಾನ್ಸನ್ನರ ಕಂಪ್ಯೂಟರ್ ಇಲ್ಲದೆ, ಆ ನ್ಯಾಯವೇತ್ತರು ಎರಡನ್ನೂ ಹಿಡಿದಿದ್ದರು: ಯಾವ ಪ್ರಶ್ನೆ ಮೊದಲು, ಯಾರ ಬಾಯಿಂದ ಮೊದಲು.

ಹಾಸನದ ಆ ಮನೆಯಲ್ಲೂ ಇದನ್ನು ಮಾಡಬಹುದು. ಅಪ್ಪ, ಅಮ್ಮ, ಮಾವ, ಹುಡುಗಿ ಎಲ್ಲರೂ ಮಾತು ಶುರುವಾಗುವ ಮೊದಲೇ ತಂತಮ್ಮ ಚೀಟಿಯಲ್ಲಿ ತಮಗೆ ಮುಖ್ಯವಾದ ಮೂರು ಗುಣ ಬರೆದಿಡುವುದು. ಓದುವಾಗ ಹುಡುಗಿಯ ಚೀಟಿಯಿಂದ ಶುರು. ಪ್ರಾಧಿಕಾರ ಅಂತಿಮ ಹಂಚಿಕೆಗೆ ಮೊದಲು ಅಣಕು ಸೀಟು ಹಂಚಿಕೆಯ ಫಲಿತಾಂಶ ಕೊಡುತ್ತದೆ, ಅದಾದ ಮೇಲೆ ಪಟ್ಟಿ ತಿದ್ದಲು ಅವಕಾಶವಿರುತ್ತದೆ. ಹೆಚ್ಚಿನವರು ಆ ದಿನಗಳಲ್ಲಿ ಸಿಕ್ಕ ಸೀಟನ್ನು ಹಿಡಿದುಕೊಂಡು, ಅದು ಯಾಕೆ ಸರಿ ಎಂದು ನೆಂಟರಿಷ್ಟರಿಗೆ ಹೇಳುತ್ತ ಕಳೆಯುತ್ತಾರೆ. ಮಗ್ ಕೈಗೆ ಬಂದ ವಿದ್ಯಾರ್ಥಿಗಳ ಸ್ಥಿತಿ ಅದು. ಪಟ್ಟಿಯನ್ನು ಮತ್ತೆ ತೆರೆದು, ಸಿಕ್ಕ ಸೀಟನ್ನು ಪಕ್ಕಕ್ಕಿಟ್ಟು, ಅದರ ಮೇಲಿನ ಸಾಲಿನಲ್ಲಿ ಇದ್ದದ್ದನ್ನು ಮೊದಲು ಬಯಸಿದ್ದು ಯಾಕೆ ಎಂದು ಬರೆಯಲು ಆ ಕೆಲವು ದಿನ ಸಾಕು.